ಕಾಲು ಮುಂದಾದ ಕೂಸು

ಚಪ್ಪಲಿ ಬಾಗಿಲಾಚೆ ಬಿಟ್ಟು ಬಂದದ್ದಕ್ಕೋ ಏನೋ, ಆಸ್ಪತ್ರೆ ನೆಲದ ತಂಪು ಅಂಗಾಲಿನಿಂದ ಮೊಣಕಾಲಿಗೆ ಏರುತ್ತಿದೆ, ಚನ್ನಾಜಮ್ಮ ಬಲಗಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡಳು — ಇದೇ ಕಾಲು, ಕಳಲೆ ಊರಿನವರಿಗೆಲ್ಲ ಗೊತ್ತಿರುವ ಕಾಲು, ಸೊಂಟ ಉಳುಕಿದವರು ಬೆಳಬೆಳಿಗ್ಗೆ ಬಂದು ಜಗಲಿ ಮೇಲೆ ಬೋರಲು ಮಲಗುತ್ತಾರೆ, ಕಾಲು ಮುಂದಾಗಿ ಉಟ್ಟಿದೋಳು ಮೆಟ್ಟಿದ್ರೆ ಉಳುಕು ಬಿಡ್ತದೆ ಕಣವ್ವ, ಒಸಿ ಮೆಟ್ಟು, ಮೊನ್ನೆ ದೊಡ್ಡಮಾದಯ್ಯನೂ ಹಾಗೇ ಅಂದ, ಮೂರು ಸಲ ಮೆಟ್ಟಿದಳು, ಎದ್ದು ನೆಟ್ಟಗೆ ನಡೆದುಕೊಂಡು ಹೋದ — ಒಳಗೆ ಸೊಸೆಯ ಬೆನ್ನಿಗೆ ಇಷ್ಟು ಹೊತ್ತಿಗೆ ಸೂಜಿ ಕೊಟ್ಟಿರಬೇಕು, ಮಗ ನಂಜೇಶ ಔಷಧಿ ತರಲು ಹೋದವನು ಇನ್ನೂ ಬಂದಿಲ್ಲ, ಅರ್ಪಿತ ಒಳಗೆ ಹೋಗುವಾಗ ಹಿಂತಿರುಗಿ ನೋಡಿದಳೇ, ನೋಡಲಿಲ್ಲವೇ, ನೋಡದಿದ್ದರೂ ಸರಿ, ತಪ್ಪು ನನ್ನದೇ, ಎಂಟನೇ ತಿಂಗಳಲ್ಲಿ ಇದೇ ನಂಜನಗೂಡಿನಲ್ಲಿ ಸ್ಕ್ಯಾನಿಂಗ್ ಮಾಡಿದ ಡಾಕ್ಟರಮ್ಮ ಪವಿತ್ರಾ ಹೇಳಿದ್ದು ಇಷ್ಟೇ, ಮಗು ಕೂತಿದೆ ಅಮ್ಮ, ತಲೆ ಮೇಲೆ, ಕುಂಡಿ ಕೆಳಗೆ, ಇನ್ನೂ ಟೈಮಿದೆ, ತಾನಾಗೇ ತಿರುಗಬಹುದು, ಅಷ್ಟಕ್ಕೇ ಬಸ್ಸಿನಲ್ಲಿ ಎಲ್ಲರೆದುರು ಬಾಯಿ ಬಿಟ್ಟೆನಲ್ಲ, ಬಿಂದಿಗೆ ಒರಬ್ಯಾಡ ಅಂದ್ರೆ ಕೇಳ್ದೇನವ್ವ ನೀನು, ಈಗ ನೋಡು, ಹುಡುಗಿ ಊರು ಬರುವವರೆಗೂ ಕಿಟಕಿ ಕಡೆ ಮುಖ ತಿರುಗಿಸಿಕೊಂಡೇ ಕೂತಳು.

ಸಿಟ್ಟಲ್ಲ ಅದು, ಹೆದರಿಕೆ, ಆದರೆ ಬಾಯಿಗೆ ಬಂದಾಗ ಸಿಟ್ಟಾಗಿಯೇ ಬಂತು, ಯಾಕೆಂದರೆ ಹೆರಿಗೆಯಲ್ಲೇ ಸತ್ತ ಅವ್ವನ ಮುಖ ಚನ್ನಾಜಮ್ಮನಿಗೆ ಗೊತ್ತಿಲ್ಲ, ಒಂದು ಫೋಟೋ ಕೂಡ ಇಲ್ಲ, ಮೂಗೂರಿನಲ್ಲಿ ಸಾಕಿದ ದೊಡ್ಡಮ್ಮ ಬಂದವರಿಗೆಲ್ಲ ನಗುತ್ತಲೇ ಹೇಳುತ್ತಿದ್ದಳು, ತಾಯ್ನ ಒದ್ಕೊಂಡೇ ಬಂದೋಳು ಇವ್ಳು, ಅಲ್ಲಿ ಒದ್ದ ಕಾಲು, ಇಲ್ಲಿ ಊರಿನ ಸೊಂಟ ನೆಟ್ಟಗೆ ಮಾಡುವ ಕಾಲು, ಮೆಟ್ಟುವಾಗೆಲ್ಲ ಬೆನ್ನಿನ ಬಿಸಿ ಅಂಗಾಲಿಗೆ ತಾಗಿ, ಇದು ಅವ್ವನ ಮೈಯೇನೋ ಅನ್ನಿಸುತ್ತದೆ, ಯಾರಿಗೆ ಹೇಳುವುದು — ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಡಾಕ್ಟರಮ್ಮ ಎರಡೂ ಕೈಯಿಂದ ಅರ್ಪಿತಳ ಹೊಟ್ಟೆಯ ಮೇಲೇ ಮೆಲ್ಲಗೆ ಒತ್ತಿ ತಿರುಗಿಸಲು ನೋಡಿದರು, ಮಿಷನ್ನಿನಲ್ಲಿ ಮಗುವಿನ ಎದೆ ಡಬಡಬ ಬಡಿಯುತ್ತಿತ್ತು, ಅರ್ಧ ತಿರುಗಿ ಮತ್ತೆ ಅಲ್ಲೇ ಬಂದು ಕೂತಿತು, ಮೂಗೂರಿಂದ ಒಟ್ಟೆ ಉಜ್ಜೋಳ್ನ ಕರುಸ್ತೀನಿ ಅಂದರೆ, ಬೇಡಮ್ಮ, ಮನೇಲಿ ಯಾರೂ ಕೈ ಇಡಬಾರದು, ಮೈ ಮೊದಲು ಬಂದು ತಲೆ ಕೊನೆಗೆ ಸಿಕ್ಕಿಹಾಕಿಕೊಂಡರೆ ಮಗುವಿಗೆ ಕಷ್ಟ, ಆಪರೇಷನ್ ಮಾಡೋಣ ಅಂದರು, ಆಗ ಚನ್ನಾಜಮ್ಮ ಕೇಳಿಯೇಬಿಟ್ಟಳು, ಅರವತ್ತು ವರ್ಷ ಗಂಟಲಲ್ಲಿದ್ದದ್ದು, ಕಾಲು ಮುಂದಾಗಿ ಬಂದ ಕೂಸು ತಾಯ್ನ ಕೊಲ್ತದಾ ಡಾಕ್ಟ್ರಮ್ಮ? ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು, ಯಾರ ವಿಷಯ ಅಮ್ಮ ಇದು, ನಂದೇ ಕಣವ್ವ, ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು, ಕೂಸಿಗೇನು ಗೊತ್ತಾಗುತ್ತೆ ಅಮ್ಮ, ಹೇಗೆ ಕೂತಿರುತ್ತೋ ಹಾಗೆ ಬರುತ್ತೆ, ಆಗ ಹತ್ತಿರ ಆಸ್ಪತ್ರೆ ಇರಲಿಲ್ಲ, ರಕ್ತ ನಿಲ್ಲಿಸೋರು ಇರಲಿಲ್ಲ, ಅಷ್ಟೇ, ಸೆರಗು ಸರಿಮಾಡಿಕೊಳ್ಳುತ್ತಿದ್ದ ಅರ್ಪಿತ ಎಲ್ಲ ಕೇಳಿಸಿಕೊಂಡಳು, ಹೊರಗೆ ಬಂದ ಮೇಲೆ ಅತ್ತೆಯ ಕೈ ಹಿಡಿದುಕೊಂಡೇ ರಸ್ತೆ ದಾಟಿದಳು, ಬಿಂದಿಗೆ ಮಾತು ಮನಸ್ಸಲ್ಲಿ ಇಟ್ಕೋಬ್ಯಾಡ ಕಣವ್ವ, ಇಲ್ಲ ಬುಡಿ ಅತ್ತೆ.

ಬಾಗಿಲು ತೆರೆಯಿತು, ನರ್ಸ್ ಹೊರಗೆ ಬಂದಳು, ಹೆಣ್ಣುಮಗು, ಹಿಡ್ಕೊಳ್ಳಿ ಅಜ್ಜಿ, ತಾಯಿ, ತಾಯಿ ಎಂಗವಳೆ, ಚೆನ್ನಾಗಿದ್ದಾರೆ, ಬರ್ತಾರೆ, ಬಟ್ಟೆ ಬಿಚ್ಚಿ ನೋಡಿದರೆ ಕಾಲೆರಡೂ ಕಿವಿಯ ಹತ್ತಿರ, ಎಳೆದು ಚಾಚಿದರೂ ಮತ್ತೆ ಮೇಲಕ್ಕೇ, ಒಳಗೆ ಹಾಗೇ ಕೂತಿತ್ತಲ್ಲ, ನಾಲ್ಕು ದಿನ ಹಾಗೇ ಇರುತ್ತೆ ಎನ್ನುತ್ತಿದ್ದಾಳೆ ನರ್ಸ್, ಅಷ್ಟರಲ್ಲಿ ತಳ್ಳುಗಾಡಿ ಬಂತು, ಅರ್ಪಿತಳ ತುಟಿ ಒಣಗಿದೆ, ಕಣ್ಣು ತೆರೆದಿದೆ, ತೋರ್ಸಿ ಅತ್ತೆ, ಚನ್ನಾಜಮ್ಮ ಬಗ್ಗಿ ಕೂಸನ್ನು ಅವಳ ಮುಖದ ಪಕ್ಕಕ್ಕೆ ಇಳಿಸಿದಳು, ಕೂಸು ಒದೆಯಿತು, ಹೆಬ್ಬೆರಳಿಗಿಂತ ಕೊಂಚ ಉದ್ದದ ಪಾದ ಅರ್ಪಿತಳ ಕೆನ್ನೆಗೆ ತಾಗಿತು, ಅವಳು ನಕ್ಕಳು, ಮತ್ತೆ ಒದೆಯಿತು, ಮತ್ತೆ ನಕ್ಕಳು, ತಾಯಿಯ ಕೆನ್ನೆ ಮೇಲೆ ಪಾದ, ಕೆನ್ನೆ ಬೆಚ್ಚಗಿದೆ, ಕೆನ್ನೆ ಮೇಲೆ ಪಾದ —