ಹನ್ನೊಂದು ಊರುಗೋಲುಗಳ ಗೋಡೆ

ಆ ಭಾನುವಾರ ನಾನು ಎದ್ದು ನಿಂತು "ಸುಳ್ಳು!" ಅಂತ ಒಂದೇ ಒಂದು ಸಲ ಘರ್ಜಿಸಿದ್ದಕ್ಕೆ ಪ್ರಾರ್ಥನಾಲಯದ ಚಾವಣಿ ಒಂದು ಗೇಣು ಮೇಲೆದ್ದು, ಆಕಾಶ ನೋಡಿಕೊಂಡು, ಮತ್ತೆ ತನ್ನ ಜಾಗದಲ್ಲಿ ಕೂತಿತು. ನಂಬದವರು ಆ ಚಾವಣಿಯನ್ನೇ ಕೇಳಿ. ನಾನು ಬಡಗಿ. ಕಣ್ಣು ಮುಚ್ಚಿ ಹಲಗೆ ಮುಟ್ಟಿದರೆ ಸಾಕು, ಆ ಮರದಲ್ಲಿ ಯಾವ ಹಕ್ಕಿ ಗೂಡು ಕಟ್ಟಿತ್ತು ಅಂತ ಹೇಳಬಲ್ಲೆ.

ಅಷ್ಟು ಸಿಟ್ಟು ಯಾಕೆ ಬಂತು, ಕೇಳಿ.

ನಮ್ಮ ಬೀದಿಯ ಕೊನೆಯಲ್ಲಿ, ಹಿಂದೆ ಟೈರ್ ಗೋದಾಮಾಗಿದ್ದ ಕಟ್ಟಡದಲ್ಲಿ, ಒಬ್ಬ ಪಾಸ್ಟರು ಸಭೆ ನಡೆಸುತ್ತಾರೆ. ಎಂಥ ಸೆಕೆಯಲ್ಲೂ ಇಸ್ತ್ರಿ ಮುರಿಯದ ಬಿಳಿ ಸೂಟು, ಅದಕ್ಕೇ ಬೀದಿಯವರು ಇಟ್ಟ ಹೆಸರು ಬಿಳಿಸೂಟು. ವೇದಿಕೆಯ ಹಿಂದಿನ ಗೋಡೆಗೆ ಹನ್ನೊಂದು ಊರುಗೋಲು ನೇತುಹಾಕಿದ್ದಾರೆ. ಅವರ ಪ್ರಾರ್ಥನೆಯಿಂದ ಸ್ವಸ್ಥರಾದವರು ಬಿಸಾಡಿ ಹೋದವಂತೆ. ಆ ಹನ್ನೊಂದು ಜನರನ್ನು ಕಂಡವರು ಮಾತ್ರ ಯಾರೂ ಇಲ್ಲ. ಕೇಳಿದರೆ "ದೂರದೂರಿನವರು" ಅಂತಾರೆ. ಕಾಲು ಬಂದದ್ದೇ ತಡ, ಅಷ್ಟು ದೂರ ನಡೆದೇಬಿಟ್ಟರೇನೋ!

ನಮ್ಮಕ್ಕ ಆರು ವರ್ಷದಿಂದ ಆ ಗೋಡೆಯ ಎದುರಿಗೇ, ಮೊದಲ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಾಳೆ. ಬಟ್ಟೆ ಹೊಲಿಯುವವಳು, ಅಂಗಡಿಯ ಮೆಟ್ಟಿಲಿಂದ ಬಿದ್ದು ಸೊಂಟ ಮುರಿದುಕೊಂಡಳು. "ಇನ್ನೊಂದು ಸಲ ಬಿದ್ದರೆ ಹಾಸಿಗೆಯೇ ಗತಿ," ಅಂದಿದ್ದಾರೆ ಡಾಕ್ಟರು. ಅವಳ ಊರುಗೋಲು ನಾನೇ ಮಾಡಿಕೊಟ್ಟದ್ದು.

ಶುಕ್ರವಾರ ಬಿಳಿಸೂಟು ನಮ್ಮ ಮನೆಗೇ ಬಂದರು.

"ಸಿಸ್ಟರ್, ಈ ಭಾನುವಾರ ನಿಮ್ಮ ಸಾಕ್ಷಿ. ವೇದಿಕೆ ಮೇಲೆ ಊರುಗೋಲು ಬಿಟ್ಟು ನಾಲ್ಕೇ ಹೆಜ್ಜೆ. ನಿಮ್ಮದೂ ಸೇರಿದರೆ ಹನ್ನೆರಡಾಗುತ್ತೆ, ಯೇಸುವಿನ ಶಿಷ್ಯರ ಲೆಕ್ಕ."

"ಕಾಲು ಇನ್ನೂ ಹಾಗೇ ಇದೆಯಲ್ಲ ಪಾಸ್ಟರೇ."

"ವಾಸಿಯಾಯಿತು ಅಂತ ಬಾಯಲ್ಲಿ ಹೇಳಿ. ಕಾಲು ಆಮೇಲೆ ಕೇಳುತ್ತೆ."

"ಕೇಳದಿದ್ದರೆ?"

"ನಿಮ್ಮ ವಿಶ್ವಾಸ ಸಾಲದು ಅಂತ ಅರ್ಥ."

ಹೇಗಿದೆ ನೋಡಿ! ನಡೆದರೆ ಇವರ ಪ್ರಾರ್ಥನೆ, ಬಿದ್ದರೆ ಅವಳ ಅವಿಶ್ವಾಸ. ದೇವರ ಹೆಸರು ಹೇಳಿಕೊಂಡು ಒಬ್ಬ ಹೆಂಗಸಿನ ಸೊಂಟ ಪಣಕ್ಕಿಡುವುದಕ್ಕೆ ಎಂಥ ಎದೆ ಬೇಕು! ನನ್ನ ತಲೆ ಎಷ್ಟು ಕಾದಿತ್ತೆಂದರೆ ಕಿವಿಗೆ ಸಿಕ್ಕಿಸಿಕೊಂಡ ಪೆನ್ಸಿಲ್ ಹೊತ್ತಿ ಉರಿಯಿತು.

ಭಾನುವಾರ ಅಕ್ಕ ವೇದಿಕೆ ಹತ್ತಿದಳು. "ಬಿಡಿ ಸಿಸ್ಟರ್, ಬಿಡಿ!" ಅಂತ ಬಿಳಿಸೂಟು ಊರುಗೋಲಿಗೇ ಕೈ ಹಾಕಿದರು. ಸಭೆಯೆಲ್ಲ "ಸ್ತೋತ್ರ, ಸ್ತೋತ್ರ" ಅಂತ ಕೂಗಿತು. ಆಗಲೇ ನಾನು ಎದ್ದದ್ದು. "ಸುಳ್ಳು! ಗೋಡೆಯ ಮೇಲಿನ ಊರುಗೋಲು ನೋಡಿ! ಕಂಕುಳಿನ ಮೆತ್ತೆ ಸವೆದಿದೆ, ಕೆಳಗಿನ ರಬ್ಬರು ಹೊಚ್ಚ ಹೊಸದು! ಹಿಡಿದವರು ಗಾಳಿಯಲ್ಲಿ ನಡೆದರೇನು?"

ಇಷ್ಟು ಬರೆದು ಅಕ್ಕನಿಗೆ ಓದಿ ಹೇಳಿದೆ. ಅವಳು ಗುಂಡಿ ಹೊಲಿಯುತ್ತಿದ್ದಳು. ದಾರ ಕಚ್ಚಿ ತುಂಡು ಮಾಡಿ ಕೇಳಿದಳು:

"ನೀನು ಎದ್ದು ನಿಂತೆಯೇನೋ?"

"ಒಂಚೂರು."

"ನೀನಿದ್ದದ್ದು ಕೊನೇ ಕಂಬದ ಹಿಂದೆ. ವೇದಿಕೆಯಿಂದ ನಿನ್ನ ಚಪ್ಪಲಿ ಮಾತ್ರ ಕಾಣ್ತಿತ್ತು. ರಬ್ಬರು ಹೊಸದು ಅಂತ ಅಲ್ಲಿಂದ ಹೇಗೆ ಕಂಡಿತಪ್ಪಾ ನಿನಗೆ?"

ನಾನು ಹಾಳೆ ಮಡಿಸತೊಡಗಿದೆ.

"ಚಾವಣಿ ಹಾರಿಸಿದ್ದು ಸಾಕು. ಸ್ಕ್ರೂ ವಿಷಯ ಬರಿ," ಅಂದಳು.

ಬರೆಯುತ್ತೇನೆ. ಅಕ್ಕ ಊರುಗೋಲು ಬಿಡಲಿಲ್ಲ. ಮೈಕನ್ನು ತನ್ನ ಕಡೆಗೆ ಎಳೆದುಕೊಂಡು, ದನಿ ಏರಿಸದೆ ಹೇಳಿದಳು: "ನನಗೆ ವಾಸಿಯಾಗಿಲ್ಲ. ದೇವರ ಹೆಸರಲ್ಲಿ ಸುಳ್ಳು ಹೇಳೋಕೆ ನನ್ನಿಂದ ಆಗಲ್ಲ. ಆತನನ್ನ ನಂಬಿದ್ದೀನಿ, ಅದಕ್ಕೇ ಆಗಲ್ಲ." ಆಮೇಲೆ ಕುಂಟುತ್ತ ಗೋಡೆಯ ಹತ್ತಿರ ಹೋಗಿ ಊರುಗೋಲುಗಳ ಸ್ಕ್ರೂ ನೋಡಿದಳು. ನನಗೊಂದು ಚಟ: ಸ್ಕ್ರೂ ಬಿಗಿದ ಮೇಲೆ ಅದರ ತಲೆಯ ಗೀರು ಮರದ ಉದ್ದಕ್ಕೆ ನೇರವಾಗಿ ನಿಲ್ಲಲೇಬೇಕು. ಅವಳ ಊರುಗೋಲಿನಲ್ಲಿ ಹಾಗೇ ಇದೆ. ಗೋಡೆಯ ಹನ್ನೊಂದರಲ್ಲೂ ಹಾಗೇ ಇತ್ತು. ಅವಳು ಕಂಬದ ಕಡೆ ತಿರುಗಿ, "ಇವನ್ನೆಲ್ಲ ಮಾಡಿದ್ದು ನನ್ನ ತಮ್ಮ," ಅಂದಳು.

ಹೌದು, ಹನ್ನೊಂದೂ ನಾನೇ ಮಾಡಿದ್ದು. ಮೆತ್ತೆಯನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಹಿಡಿಗೆ ಟೀ ಡಿಕಾಕ್ಷನ್ ಬಳಿದು ಹಳೆಯದು ಮಾಡಿದೆ. ರಬ್ಬರು ಸವೆಸುವುದು ಮರೆತೆ. "ಅಲಂಕಾರಕ್ಕೆ," ಅಂದಿದ್ದರು ಬಿಳಿಸೂಟು. ಅಲಂಕಾರಕ್ಕೆ ಹಳೇ ಊರುಗೋಲು ಯಾಕೆ ಅಂತ ನಾನು ಕೇಳಲಿಲ್ಲ. ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಶುಕ್ರವಾರ ನನ್ನ ಪೆನ್ಸಿಲ್ ತಣ್ಣಗೇ ಇತ್ತು. ಅಕ್ಕ ಬೀಳಬಹುದು ಅಂತ ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಜನ ನನ್ನ ಕಡೆ ತಿರುಗುವಷ್ಟರಲ್ಲಿ ಪಕ್ಕದ ಬಾಗಿಲಿಂದ ಓಡಿದೆ. "ಪಾಪ, ಈ ತಾಯಿಗೆ ತಲೆ ಕೆಟ್ಟಿದೆ," ಅಂತ ಬಿಳಿಸೂಟು ಮೈಕಿನಲ್ಲಿ ಸಾರಿದ್ದು ಬೀದಿಯವರೆಗೂ ಕೇಳಿಸಿತು. ಅರ್ಧ ಸಭೆ ಇವತ್ತಿಗೂ ಅದನ್ನೇ ನಂಬಿದೆ.

ನಮ್ಮಕ್ಕನಿಗೆ ತಲೆ ಕೆಟ್ಟಿಲ್ಲ. ಅನುಮಾನ ಇದ್ದವರು ಆ ಗೋಡೆಯ ಹತ್ತಿರ ಹೋಗಿ ಸ್ಕ್ರೂ ನೋಡಿ. ಆಮೇಲೆ ನನ್ನ ಅಂಗಡಿಗೆ ಬನ್ನಿ, ನಿಮ್ಮೆದುರಿಗೇ ಒಂದು ಬಿಗಿದು ತೋರಿಸುತ್ತೇನೆ.