ಎಲ್ಲ ಕ್ಷೇಮ, ಬೇಗ ಬಾ

ಭಾನುವಾರ ಅಂದರೆ ಕ್ಯಾಂಪಿಗೆಲ್ಲ ರಜೆ. ನನಗೆ ಮಾತ್ರ ಅದು ವಾರದ ಅತಿ ಉದ್ದದ ದಿನ. ಆರು ದಿನ ಸೇನೆಯ ವೈರ್‌ಲೆಸ್ ಮುಂದೆ ಕೂತು ಕಿವಿ ಸವೆಸಿಕೊಂಡವನು ಏಳನೆಯ ದಿನ ನನ್ನ ಸ್ವಂತ ಹ್ಯಾಮ್ ರೇಡಿಯೋ ಮುಂದೆ ಕೂರುತ್ತಿದ್ದೆ. ಹವ್ಯಾಸ ಅಂತ ಮನೆಯಿಂದ ಹೊತ್ತು ತಂದದ್ದು. ಪರದೇಶದ ಈ ಕ್ಯಾಂಪಿಗೆ ಬಂದ ಮೂರೇ ತಿಂಗಳಲ್ಲಿ ಅದು ಬೇತಾಳನಾಗಿ ಹೆಗಲೇರಿತು.

ಕಾರಣ ಇಷ್ಟೇ. ಕ್ಯಾಂಪಿನಲ್ಲಿದ್ದ ಒಂದೇ ಟೆಲಿಫೋನು ಸಾಹೇಬರ ಮೇಜಿನ ಮೇಲಿತ್ತು. ಕಾಗದ ಹಾಕಿದರೆ ಉತ್ತರ ಬರಲು ಒಂದೂವರೆ ತಿಂಗಳು. ನನ್ನ ರೇಡಿಯೋ ಮಾತ್ರ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ, ಆಕಾಶದ ಮನಸ್ಸು ನೆಟ್ಟಗಿದ್ದರೆ, ನಮ್ಮ ದೇಶದ ಒಬ್ಬ ನಿವೃತ್ತ ಲೈನ್‌ಮನ್ನನ್ನು ಮುಟ್ಟುತ್ತಿತ್ತು. ಅವರಿಗೂ ಇದೇ ಹುಚ್ಚು. ನಾವೆಲ್ಲ ಅವರನ್ನು ದೊಡ್ಡಪ್ಪ ಅನ್ನುತ್ತಿದ್ದೆವು. ಅವರು ತಮ್ಮ ರೇಡಿಯೋವನ್ನು ಟೆಲಿಫೋನಿಗೆ ಜೋಡಿಸಿಕೊಂಡು, ನಾನು ಹೇಳಿದ ನಂಬರುಗಳಿಗೆ ಒಂದೊಂದಾಗಿ ಡಯಲ್ ಮಾಡಿ ಕೊಡುತ್ತಿದ್ದರು. ಹೀಗಾಗಿ ಎರಡೂವರೆಗೇ ನನ್ನ ತಗಡಿನ ಕೋಣೆಯ ಮುಂದೆ ಹದಿನಾಲ್ಕು ಜನ ಸಾಲು ನಿಲ್ಲುತ್ತಿದ್ದರು. ತಲೆಗೆ ನಾಲ್ಕು ನಿಮಿಷ.

ಇದು ಟೆಲಿಫೋನಿನ ಹಾಗೆ ಇಬ್ಬರೂ ಒಟ್ಟಿಗೆ ಮಾತಾಡುವ ಯಂತ್ರವಲ್ಲ. ನಾನು ಸ್ವಿಚ್ ಒತ್ತಿದರೆ ನಮ್ಮ ಮಾತು ಅಲ್ಲಿಗೆ, ಬಿಟ್ಟರೆ ಅಲ್ಲಿಯದು ಇಲ್ಲಿಗೆ. ಆದ್ದರಿಂದ ಗಂಡಹೆಂಡಿರ ಮಧ್ಯೆ ನಾನು ಕೂರಲೇಬೇಕು. ಹೆಡ್‌ಫೋನಿನ ಒಂದು ಬಟ್ಟಲು ನನ್ನ ಕಿವಿಗೆ, ಇನ್ನೊಂದನ್ನು ಹೊರಗೆ ತಿರುಗಿಸಿದರೆ ಪಕ್ಕದಲ್ಲಿ ಬಗ್ಗಿ ನಿಂತವನ ಕಿವಿಗೆ. ಆದರೆ ಪಳಗದ ಕಿವಿಗೆ ಅದರಲ್ಲಿ ಕೇಳಿಸುವುದು ಕಾದ ಎಣ್ಣೆಯ ಚರಚರ ಮಾತ್ರ. "ಏನಂದ್ಲು ಸಾರ್?" ಅಂತ ನನ್ನ ಮುಖ ನೋಡುತ್ತಾರೆ. ಆ ಗದ್ದಲದಿಂದ ಮಾತು ಹೆಕ್ಕಿ ಹೇಳುವುದು ನನ್ನ ಕೆಲಸ. ಇಡೀ ಕ್ಯಾಂಪಿನ ಸಂಸಾರಗಳ ಗುಟ್ಟು ನನ್ನ ಹೊಟ್ಟೆಯಲ್ಲಿತ್ತು. ಊಟಕ್ಕೆ ಜಾಗ ಉಳಿದದ್ದೇ ಹೆಚ್ಚು. ಕೊನೆಯ ಸರದಿ ನನ್ನದು. ಅಷ್ಟರಲ್ಲಿ ಆಕಾಶ ಬಾಗಿಲು ಹಾಕಿಕೊಳ್ಳುತ್ತಿತ್ತು. ಐದು ತಿಂಗಳಲ್ಲಿ ನನ್ನ ಹೆಂಡತಿಯ ಜೊತೆ ನಾನು ಮಾತಾಡಿದ್ದು ಎರಡು ಸಲ.

ಸುಸ್ತಾದವನು ಏನು ಮಾಡುತ್ತಾನೆ? ಮೊಟಕು ಮಾಡುತ್ತಾನೆ. ವೈರ್‌ಲೆಸ್‌ನವರಿಗೆ ಮೊದಲ ದಿನ ಕಲಿಸುವುದೇ ಅದು: ಹತ್ತು ಮಾತನ್ನು ಎರಡು ಮಾಡು. ಒಬ್ಬಳು ಮೂರು ನಿಮಿಷ ಅತ್ತೆಯ ಮಂಡಿನೋವು, ಸೋರುವ ನಲ್ಲಿ, ನೆಗಡಿ ಎಲ್ಲ ಹೇಳಿದರೆ ನಾನು ಅವಳ ಗಂಡನಿಗೆ, "ಎಲ್ಲ ಕ್ಷೇಮವಂತೆ, ಬೇಗ ಬಾ ಅಂತಾರೆ" ಅನ್ನುತ್ತಿದ್ದೆ. ಅವನು ಸಂತೋಷವಾಗಿ ಹೋಗುತ್ತಿದ್ದ. ಯಾರಿಗೂ ನಷ್ಟವಿಲ್ಲ ಅಂದುಕೊಂಡಿದ್ದೆ.

ನಮ್ಮ ಅಡುಗೆಯವನ ಸರದಿ ಒಂಬತ್ತನೆಯದು. ಇನ್ನೂರು ಜನಕ್ಕೆ ಬೇಯಿಸಿ ಹಾಕುವ ದಪ್ಪ ಮನುಷ್ಯ, ಯಾರ ತಂಟೆಗೂ ಹೋಗದವನು. ಅವನ ಮನೆಯಲ್ಲಿ ಫೋನಿರಲಿಲ್ಲ. ಪಕ್ಕದ ಮನೆಯ ಟೀಚರಮ್ಮನ ಫೋನಿಗೆ ಅವನ ಹೆಂಡತಿ ಬಂದು ಕಾಯುತ್ತಿದ್ದಳು. ಆ ಭಾನುವಾರ ಚರಚರ ವಿಪರೀತವಾಗಿತ್ತು. ಅವಳು ಒಂದೇ ಉಸಿರಿಗೆ ಹೇಳಿದಳು:

"ಮಗೂಗೆ ಎರಡು ವರ್ಷ ಆಯ್ತು, ನಿಮ್ಮ ಫೋಟೋ ನೋಡಿದ್ರೆ ಹೆದರ್ತಾಳೆ. ನಿಮ್ಮಣ್ಣ, ಅಕ್ಕ ಇಬ್ರೂ ನನ್ನನ್ನ ಆಳಿಗಿಂತ ಕಡೆಯಾಗಿ ನೋಡ್ತಾರೆ. ನನ್ನ ಪರವಾಗಿ ಒಂದು ಮಾತಾಡೋಕೆ ಯಾರೂ ಇಲ್ಲ. ಮುಂದಿನ ತಿಂಗಳು ಅವಧಿ ಮುಗಿಯುತ್ತಲ್ಲ, ನೆಟ್ಟಗೆ ಮನೆಗೆ ಬನ್ನಿ. ಬರದೆ ಅಲ್ಲೇ ಮುಂದುವರಿದ್ರೆ ನಾನು ಮಗೂನ ಎತ್ಕೊಂಡು ತವರಿಗೆ ಹೋಗ್ತೀನಿ. ಆಮೇಲೆ ಕರೆಯೋಕೆ ಬರಬೇಡಿ."

ಅಡುಗೆಯವನು ನನ್ನ ಮುಖ ನೋಡಿದ. ಹೊರಗೆ ಇನ್ನೂ ಐದು ಜನ ನಿಂತಿದ್ದರು, ಗಡಿಯಾರದಲ್ಲಿ ಮೂರು ಮುಕ್ಕಾಲು. ಇಷ್ಟನ್ನೂ ಹೇಳಿದರೆ ಇವನು ಅಳುತ್ತಾನೆ, ಉತ್ತರ ಹುಡುಕುತ್ತಾನೆ, ಇನ್ನೂ ನಾಲ್ಕು ನಿಮಿಷ ಕೇಳುತ್ತಾನೆ. ನನ್ನ ಕತ್ತು ಉಳುಕಿದಂತೆ ನೋಯುತ್ತಿತ್ತು.

"ಎಲ್ಲ ಕ್ಷೇಮವಂತೆ. ಬೇಗ ಬಾ ಅಂತಾರೆ," ಅಂದೆ.

"ಸರಿ ಸಾರ್," ಅಂದು ಅವನು ಹೋದ.

ಬುಧವಾರ ಆಫೀಸಿನ ಗುಮಾಸ್ತ, "ಅಡುಗೆಯವನು ಇನ್ನೊಂದು ವರ್ಷ ಇಲ್ಲೇ ಇರ್ತೀನಿ ಅಂತ ಬರ್ಕೊಟ್ಟಿದ್ದಾನೆ. ನಮ್ಮ ಹೊಟ್ಟೆಗೆ ಮೋಸ ಇಲ್ಲ ಬಿಡಿ," ಅಂದ. ಪಟ್ಟಿ ಸೋಮವಾರ ಬೆಳಗ್ಗೆ ಮೇಲಿನ ಆಫೀಸಿಗೆ ಹೋಗುವುದಿತ್ತು. ನಾನು ನುಂಗಿದ ಮಾತಿಗೆ ಒಂದು ಮನೆ ಒಡೆಯುತ್ತಿತ್ತು.

ಅಡುಗೆಮನೆಗೆ ಹೋದೆ. ನಾಲ್ಕು ದೊಡ್ಡ ಒಲೆಗಳು ಭರ್ರೆಂದು ಉರಿಯುತ್ತಿದ್ದವು, ಮೇಲೆ ಫ್ಯಾನಿನ ಗರಗರ, ಮೂಲೆಯಲ್ಲಿ ಪಾತ್ರೆ ಉಜ್ಜುವ ಸದ್ದು. ನಾನು ಕಿವಿ ಮುಚ್ಚಿಕೊಂಡೆ. ಆ ಗಲಾಟೆಯಲ್ಲಿ ಬಾಗಿಲಾಚೆ ಯಾರೋ ಮೆಲ್ಲಗೆ "ಉಪ್ಪು ಕಮ್ಮಿ" ಅಂದರು. ಅವನು ತಿರುಗದೆಯೇ, "ನಾಲಿಗೆ ತೊಳ್ಕೊಂಡು ಬಾ," ಅಂದ. ಎಲ್ಲರೂ ನಕ್ಕರು. ಅವನೂ ನಕ್ಕ. ಅಷ್ಟು ಗೆಲುವಾಗಿದ್ದವನಿಗೆ ಹೇಗೆ ಹೇಳುವುದು ಅಂತ ಸುಮ್ಮನೆ ಒಂದು ಲೋಟ ಟೀ ಕುಡಿದು ಬಂದೆ. ಗುರುವಾರ, ಶುಕ್ರವಾರ, ಶನಿವಾರವೂ ಹೇಳಲಿಲ್ಲ. ಹೇಡಿತನ, ಬೇರೆ ಹೆಸರಿಲ್ಲ ಅದಕ್ಕೆ.

ಭಾನುವಾರ ಅವನನ್ನು ಮೊದಲ ಸರದಿಗೆ ಕರೆದೆ. ಸಾಲಿನಲ್ಲಿದ್ದ ಡ್ರೈವರ್, "ಊಟದ ಋಣ ತೀರಿಸ್ತಿದ್ದಾರೆ," ಅಂತ ಗೊಣಗಿದ. ದೊಡ್ಡಪ್ಪ ಡಯಲ್ ಮಾಡಿಕೊಟ್ಟರು. ಅವಳು ಗಂಡನನ್ನು ಕೇಳಲೇ ಇಲ್ಲ.

"ಅಣ್ಣಾ, ನಿಮ್ಮನ್ನೇ ಕೇಳ್ತಿದ್ದೀನಿ. ಹೋದ ವಾರ ನಾನಂದಿದ್ದು ಅವರಿಗೆ ಹೇಳಿದ್ರಾ?"

ಸ್ವಿಚ್ ಒತ್ತಿದೆ. "ಇಲ್ಲ ಕಣಮ್ಮ. ನಾನು ಹೇಳಲಿಲ್ಲ. ತಪ್ಪು ನಂದೇ. ಈಗ ಹೇಳ್ತೀನಿ, ಒಂದಕ್ಷರ ಬಿಡದೆ."

ಅಡುಗೆಯವನ ಕಡೆ ತಿರುಗಿ ಶುರು ಮಾಡಿದೆ. "ನೋಡಪ್ಪ, ನಿನ್ನ ಮಗು ಫೋಟೋ ನೋಡಿ ಹೆದರುತ್ತಂತೆ, ನಿಮ್ಮಣ್ಣ..."

ಅವನು ನನ್ನ ತೋಳು ಹಿಡಿದ. "ಬೇಡಿ ಸಾರ್. ನನಗೆ ಅವತ್ತೇ ಕೇಳಿಸಿತ್ತು."

"ಏನು?"

"ಹಗಲೆಲ್ಲ ಆ ಒಲೆ ಸದ್ದಲ್ಲಿ ಇರೋನು ಸಾರ್ ನಾನು. ಎಲ್ಲಾ ಕೇಳಿಸ್ತು. ನೀವು ಎಲ್ಲ ಕ್ಷೇಮ ಅಂದ್ರಿ. ಹಾಗೇ ಇರಲಿ ಅಂದ್ಕೊಂಡೆ. ಇಲ್ಲಿ ಇನ್ನೂರು ಜನ ನನ್ನ ಮಾತು ಕೇಳ್ತಾರೆ. ಅಲ್ಲಿ ಅಣ್ಣನ ಮುಂದೆ ನನಗೆ ಬಾಯೇ ಬರಲ್ಲ. ನೀವು ಹೇಳದೇ ಇದ್ರೆ ನನಗೆ ಗೊತ್ತೇ ಇಲ್ಲ ಅಂತಾಗುತ್ತಲ್ಲ, ಅದಕ್ಕೇ ಧೈರ್ಯವಾಗಿ ಸಹಿ ಹಾಕಿದೆ."

ಆಗ ನನ್ನ ಬೆರಳು ನೋಡಿಕೊಂಡೆ. ಅದು ಸ್ವಿಚ್ಚಿನ ಮೇಲೆ ಒತ್ತಿಕೊಂಡೇ ಇತ್ತು. ಅವಳಿಗೆ ಹೇಳಿ ಮುಗಿಸಿದವನು ಬಿಡುವುದನ್ನೇ ಮರೆತಿದ್ದೆ. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಮಾಡದ ತಪ್ಪು. ಅಡುಗೆಯವನೂ ನೋಡಿದ.

ಬೆರಳು ತೆಗೆದೆ. ಆವತ್ತು ಆಕಾಶ ಎಷ್ಟು ಶುದ್ಧವಾಗಿತ್ತೆಂದರೆ ಟೀಚರಮ್ಮನ ಮನೆಯ ಕುರ್ಚಿ ಸರಿದದ್ದೂ ಕೇಳಿಸಿತು.

"ಕೇಳಿಸ್ತು ಅಣ್ಣಾ," ಅಂದಳು ಅವಳು. ಅಳು ಇರಲಿಲ್ಲ, ಕೋಪವೂ ಇರಲಿಲ್ಲ, ದಣಿವೊಂದೇ. "ಇನ್ನು ಮುಂದಿನವರಿಗೆ ಬಿಡಿ."

ಫೋನ್ ಇಟ್ಟ ಸದ್ದಾಯಿತು. ಅಡುಗೆಯವನು ಅಲ್ಲಿಂದ ನೇರ ಗುಮಾಸ್ತನ ಕೋಣೆಗೆ ಹೋಗಿ ಪಟ್ಟಿಯಿಂದ ತನ್ನ ಹೆಸರು ಹೊಡೆಸಿಹಾಕಿದ. ಸಂಜೆ ನನ್ನ ಹತ್ತಿರ ಬಂದ. ಬೈಯುತ್ತಾನೆ ಅಂದುಕೊಂಡೆ, ಬೈದಿದ್ದರೆ ಹಗುರಾಗುತ್ತಿತ್ತು. "ಅವತ್ತೇ ನೀವು ಬಾಯಿಬಿಟ್ಟು ಹೇಳಿದ್ದಿದ್ರೆ ನಾನು ಸಹಿ ಹಾಕ್ತಿರಲಿಲ್ಲ ಸಾರ್," ಅಂದ. ನಿಜ. ನಾನು ಸುಳ್ಳು ಕೊಟ್ಟೆ, ಅವನು ಈಸಿಕೊಂಡ. ಇಬ್ಬರಿಗೂ ಅನುಕೂಲವಾಗಿತ್ತು.

ಮುಂದಿನ ಭಾನುವಾರ ಅವನು ಸಾಲಿನಲ್ಲಿ ತನ್ನ ಒಂಬತ್ತನೆಯ ಜಾಗದಲ್ಲೇ ನಿಂತ. ಮೊದಲೇ ಬಾ ಅಂದರೂ ಬರಲಿಲ್ಲ. ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ಅವನ ಸರದಿ ಬಂದಾಗ ಚರಚರ ಮತ್ತೆ ಏರಿತ್ತು. ಟೀಚರಮ್ಮ ಫೋನ್ ಎತ್ತಿದರು.

"ಬುಧವಾರವೇ ಹೋದ್ಲು, ತವರಿಗೂ ಅಲ್ಲ. ಮಗೂನೂ ಪೆಟ್ಟಿಗೇನೂ ತಗೊಂಡು ಹೋದ್ಲು. ವಿಳಾಸ ಕೇಳಿದ್ರೆ ಕೊಡಬೇಡಿ ಅಂದಿದ್ದಾಳೆ."

ಅವನಿಗೆ ಕೇಳಿಸಿದೆ ಅಂತ ಅವನ ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ಆದರೂ ಅವನು ಎಂದಿನಂತೆ, "ಏನಂದ್ರು ಸಾರ್?" ಅಂದ.

ಬುಧವಾರ, ಮಗು, ಪೆಟ್ಟಿಗೆ, ವಿಳಾಸ, ಎಲ್ಲ ಹೇಳಿದೆ. ಹೊರಗೆ ಸಾಲಿನವರು ಬಾಗಿಲು ತಟ್ಟಿದರು.

"ನನ್ನ ಹೆಸರು ಹೊಡೆಸಿದ್ದೀನಿ, ಮುಂದಿನ ತಿಂಗಳು ಬರ್ತಿದ್ದೀನಿ ಅಂತ ಅವಳಿಗೆ ಹೇಳೋಕೆ ಹೇಳಿ ಸಾರ್."

ಒತ್ತಿ ಹೇಳಿದೆ, ಬಿಟ್ಟು ಕೇಳಿದೆ. ಟೀಚರಮ್ಮನ ಉತ್ತರ ದೂರದಿಂದ ತೇಲಿ ಬಂತು. ಮೊದಲಾಗಿದ್ದರೆ ಅದರ ಮೊದಲರ್ಧ ಸಾಕು ಅನ್ನುತ್ತಿದ್ದೆ.

"ಸಿಕ್ಕಿದ್ರೆ ಹೇಳ್ತಾರಂತೆ," ಅಂದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. "ಆದ್ರೆ ಅವಳು ವಾಪಸ್ ಬರ್ತಾಳೆ ಅಂತ ಅವರಿಗೆ ಅನ್ನಿಸಲ್ವಂತೆ."