ಓದುವ ಬೆರಳಿಗೊಂದು ಕೊಳವೆ

ರೇಣುಕಾ ಓದುತ್ತಿದ್ದದ್ದು ಎಡಗೈ ತೋರುಬೆರಳಿನಿಂದ. ಹುಟ್ಟಿನಿಂದ ಕಣ್ಣು ಕಾಣದ ಅವಳಿಗೆ ಬ್ರೈಲ್ ಲಿಪಿಯ ಉಬ್ಬು ಚುಕ್ಕಿಗಳು ಅಕ್ಷರಗಳಾಗಿ ಕಾಣುತ್ತಿದ್ದದ್ದು ಆ ಒಂದು ಬೆರಳಿಗೆ ಮಾತ್ರ. ಅದೇ ಬೆರಳಿನಿಂದ ಓದಿ ಎಂ.ಎ. ಮುಗಿಸಿದಳು, ಅದೇ ಬೆರಳಿನಿಂದ ಚಿತ್ರದುರ್ಗದ ಅಂಧ ಮಕ್ಕಳ ಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುತ್ತಿದ್ದಳು.

ದಸರಾ ರಜೆಗೆಂದು ಹೊಸದುರ್ಗದ ಅವ್ವನ ಮನೆಗೆ ಹೋಗಿದ್ದಾಗ ಉಪ್ಪಿನಕಾಯಿಯ ಗಾಜಿನ ಜಾಡಿ ತೊಳೆಯುತ್ತಿದ್ದಳು. ಜಾಡಿ ಕೈಯಲ್ಲೇ ಒಡೆದು ಎಡ ತೋರುಬೆರಳಿನ ಬುಡದಲ್ಲಿ ಆಳವಾಗಿ ಕೊಯ್ದಿತು. ತಮ್ಮ ಕಲ್ಲೇಶ್ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದ. ಹೊಲಿಗೆ ಹಾಕಿದರು, ರಕ್ತ ನಿಂತಿತು. ಬೆರಳು ಚೆನ್ನಾಗಿ ಮಡಚುತ್ತಿತ್ತು, ಹಾಗಾಗಿ ಇನ್ನೇನಾದರೂ ಆಗಿರಬಹುದು ಎಂದು ಯಾರಿಗೂ ಅನ್ನಿಸಲಿಲ್ಲ. ಜುಮುಗುಡುತ್ತದೆ ಎಂದು ಅವಳು ಹೇಳಿದಾಗ, ಗಾಯ ಮಾಯುವವರೆಗೆ ಹಾಗೇ ಇರುತ್ತದೆ ಎಂದರು.

ಪಟ್ಟಿ ಬಿಚ್ಚಿದ ದಿನ ಕಲ್ಲೇಶ್ ಅವಳ ಮುಂದೆ ಪಾಠದ ಪುಸ್ತಕ ತೆರೆದಿಟ್ಟ.

"ಬರೀ ಹಾಳೆ ಕೊಟ್ಟಿದೀಯಲ್ಲೋ" ಎಂದಳು ರೇಣುಕಾ.

"ಇಲ್ಲಕ್ಕ. ಚುಕ್ಕಿ ಅವೆ. ನನಗೆ ಕಾಣ್ತಾ ಅವೆ."

ಅವಳು ಬಲಗೈಯಿಂದ ಮುಟ್ಟಿ ನೋಡಿದಳು. ಚುಕ್ಕಿಗಳಿದ್ದವು. ಮತ್ತೆ ಎಡಬೆರಳಿಟ್ಟಳು. ಹಾಳೆ ಖಾಲಿಯಾಗಿತ್ತು. ಹೀಗೆ ಕೈ ಬದಲಿಸುತ್ತಾ ಬಹಳ ಹೊತ್ತು ಕುಳಿತಳು. ಹೆದರಿಕೆ ಆಮೇಲೆ ಬಂತು. ಮೊದಲು ಬಂದದ್ದು ಅಚ್ಚರಿ. ಇದೇ ಬೆರಳು, ಇದೇ ಹಾಳೆ, ನಡುವೆ ಏನು ಕಡಿದುಹೋಗಿದೆ?

ಕೆಲವು ತಿಂಗಳು ಕಾದರೂ ಬೆರಳು ಹಾಗೇ ಇದ್ದಾಗ ಅವಳು ಡಾಕ್ಟರ್ ಶಾಲಿನಿಯವರ ಹತ್ತಿರ ಹೋದಳು. ಶಾಲಿನಿ ಕೈಯ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದವರು. ದಾವಣಗೆರೆಯಿಂದ ವಾರಕ್ಕೊಮ್ಮೆ ಚಿತ್ರದುರ್ಗಕ್ಕೆ ಬರುತ್ತಿದ್ದರು. ಅವರು ರೇಣುಕಾಳ ಎಡಗೈಯನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿಸಿ ಕೂರಿಸಿದರು. ಸ್ವಲ್ಪ ಹೊತ್ತಿನ ಮೇಲೆ, "ಈಗ ಬಲಗೈಯಿಂದ ನೀವೇ ಮುಟ್ಟಿ ನೋಡಿ" ಎಂದರು.

ಉಳಿದ ಬೆರಳುಗಳ ತುದಿಗಳು ನೀರಿಗೆ ಸುಕ್ಕುಗಟ್ಟಿದ್ದವು. ತೋರುಬೆರಳು ಮಾತ್ರ ಸೋಪಿನ ಬಿಲ್ಲೆಯಂತೆ ನುಣುಪಾಗಿತ್ತು.

"ನರ ಕಡಿದರೆ ಚರ್ಮ ಸುಕ್ಕುಗಟ್ಟಲ್ಲ. ಬೆರಳಿನ ಎರಡು ಬದಿಗೂ ಒಂದೊಂದು ನರ ಇರುತ್ತೆ. ನಿಮಗೆ ಎರಡೂ ಕಡಿದಿವೆ. ಕಡಿದ ತುದಿಗಳು ಈಗ ಗಂಟುಕಟ್ಟಿಕೊಂಡಿರುತ್ತವೆ. ಗಂಟು ಕತ್ತರಿಸಿ ತೆಗೆದರೆ ನಡುವೆ ಖಾಲಿ ಜಾಗ ಉಳಿಯುತ್ತೆ. ಅದನ್ನ ತುಂಬಬೇಕು."

ದಾರಿ ಎರಡು ಇದ್ದವು. ಒಂದು, ಕಾಲಿನಿಂದ ನರದ ತುಂಡು ತೆಗೆದು ಇಲ್ಲಿ ಕಸಿ ಮಾಡುವುದು. ಅದು ಹಳೆಯ, ನಂಬಿಕೆಯ ದಾರಿ, ಆದರೆ ಪಾದದ ಹೊರ ಅಂಚು ಜೋಮು ಹಿಡಿದಂತಾಗುತ್ತದೆ. ಇನ್ನೊಂದು, ಕೊಲಾಜನ್ ಎಂಬ ವಸ್ತುವಿನಿಂದ ಮಾಡಿದ ಸಣ್ಣ ಕೊಳವೆಯನ್ನು ಎರಡು ತುದಿಗಳ ನಡುವೆ ಕೂರಿಸುವುದು.

"ಕೊಳವೆ ಒಳಗೆ ಏನಿರುತ್ತೆ ಮೇಡಂ?"

"ಏನೂ ಇಲ್ಲ. ಖಾಲಿ."

"ಖಾಲಿ ಕೊಳವೆಯಲ್ಲಿ ನರ ಯಾವ ಕಡೆ ಹೋಗಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?"

ಶಾಲಿನಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಎರಡೂ ತುದಿಯಿಂದ ದ್ರವ ಒಸರಿ ಕೊಳವೆ ತುಂಬುತ್ತೆ. ಆ ದ್ರವದಲ್ಲಿ ಸಣ್ಣ ಎಳೆ ಕಟ್ಟುತ್ತೆ. ಎಳೆ ಹಿಡಿದು ಜೀವಕೋಶಗಳು ಬರ್ತವೆ, ಅವುಗಳ ಹಿಂದೆ ನರದ ತಂತುಗಳು ಬೆಳೀತವೆ. ಆಚೆ ತುದಿ ಕೂಡ ರಾಸಾಯನಿಕ ಬಿಟ್ಟು ಇದನ್ನ ಕರೀತಾ ಇರುತ್ತೆ. ಕೊಳವೆ ಅಕ್ಕಪಕ್ಕದ ಗಾಯದ ಅಂಗಾಂಶ ಒಳಗೆ ನುಗ್ಗದಂತೆ ತಡೀತದೆ. ಕೆಲಸ ಮುಗಿದ ಮೇಲೆ ನಿಧಾನಕ್ಕೆ ಕರಗಿಹೋಗುತ್ತೆ."

"ಎಲ್ಲರಿಗೂ ಹೀಗಾಗುತ್ತಾ?"

"ಇಲ್ಲ. ಬೆರಳಿನ ಸಣ್ಣ ನರ, ಸಣ್ಣ ಅಂತರ ಆದರೆ ಕಸಿ ಮಾಡಿದಷ್ಟೇ ಚೆನ್ನಾಗಿ ಬರುತ್ತೆ ಅಂತ ಹಲವು ಅಧ್ಯಯನ ಹೇಳ್ತವೆ. ಆದರೆ ಹೆಚ್ಚಿನವು ಚಿಕ್ಕ ಅಧ್ಯಯನಗಳು, ಸ್ವಲ್ಪ ಜನರ ಮೇಲೆ ಮಾಡಿದ್ದು. ಅಂತರ ದೊಡ್ಡದಾದರೆ, ನರ ದಪ್ಪ ಇದ್ದರೆ ಕೊಳವೆ ಸೋಲುತ್ತೆ."

"ಚೆನ್ನಾಗಿ ಬಂತು ಅಂತ ಹೇಗೆ ಹೇಳ್ತಾರೆ?"

ಶಾಲಿನಿ ಎರಡು ಮೊನೆಗಳಿದ್ದ ಒಂದು ಸಲಕರಣೆಯನ್ನು ಅವಳ ಬಲಬೆರಳಿನ ಮೇಲಿಟ್ಟರು. "ಎಷ್ಟು ಮೊನೆ?"

"ಎರಡು."

"ಇವನ್ನ ಹತ್ತಿರ ಹತ್ತಿರ ತರ್ತಾ ಹೋಗ್ತೀವಿ. ಆರು ಮಿಲಿಮೀಟರ್ ದೂರದಲ್ಲೂ ಎರಡು ಅಂತ ಗೊತ್ತಾದರೆ ಫಲಿತಾಂಶ ಚೆನ್ನಾಗಿದೆ ಅಂತ ಲೆಕ್ಕ."

ರೇಣುಕಾ ಚೀಲದಿಂದ ಒಂದು ಬ್ರೈಲ್ ಹಾಳೆ ತೆಗೆದು ಕೊಟ್ಟಳು. "ಇದರ ಚುಕ್ಕಿಗಳ ನಡುವೆ ಎಷ್ಟಿದೆ ನೋಡ್ತೀರಾ?"

ಶಾಲಿನಿ ಅಳೆದರು. ಎರಡೂವರೆ ಮಿಲಿಮೀಟರ್. ಅವರು ಇನ್ನೊಮ್ಮೆ ಅಳೆದರು. "ನಾನು ಓದಿದ ಅಧ್ಯಯನಗಳಲ್ಲಿ ಬೆರಳಿನಿಂದ ಓದುವವರು ಇದ್ದ ನೆನಪಿಲ್ಲ" ಎಂದರು. "ಅಂಗಿ ಗುಂಡಿ ಹಾಕೋದಕ್ಕೆ, ಕೆಲಸ ಮಾಡೋದಕ್ಕೆ ಸಾಕೇ ಅಂತ ನೋಡಿದಾರೆ. ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಕಸಿ ಮಾಡಿದರೂ ಇಲ್ಲ."

ಅದನ್ನು ಕೇಳಿ ರೇಣುಕಾಳಿಗೆ ಬೇಸರಕ್ಕಿಂತ ಹೆಚ್ಚಾಗಿ ಅವರ ಮೇಲೆ ಒಂದು ಬಗೆಯ ನಂಬಿಕೆ ಬಂತು. "ನೀವು ಕೊಳವೆ ಹಾಕಿರೋರನ್ನ ನಾನು ನೋಡಬಹುದಾ?" ಎಂದು ಕೇಳಿದಳು. ನೋಡುವುದು ಎಂದರೆ ಅವಳಿಗೆ ಮುಟ್ಟುವುದು.

"ಚೆನ್ನಾಗಾದವರನ್ನ ಮಾತ್ರ ತೋರಿಸಿದರೆ ಸರಿಯಲ್ಲ. ಆಗದೇ ಇದ್ದವರೂ ಒಬ್ಬರಿದಾರೆ. ಇಬ್ಬರನ್ನೂ ಕೇಳಿ ನೋಡ್ತೀನಿ, ಒಪ್ಪಿದರೆ ಹೋಗಿ ಬನ್ನಿ."

ಇಬ್ಬರೂ ಒಪ್ಪಿದರು. ಭಾನುವಾರ ಕಲ್ಲೇಶನ ಕಾರಿನಲ್ಲಿ ಮೊದಲು ಐಮಂಗಲದ ಕಡೆ ಹೊರಟರು. ಅಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗೆ ಕುರಿಹಟ್ಟಿಯ ಹತ್ತಿರ ನಿಂಗಪ್ಪ ಕಾಯುತ್ತಿದ್ದ. ಕುರಿಗಳಿಗೆ ಸೊಪ್ಪು ಕೊಯ್ಯುವಾಗ ಕುಡುಗೋಲು ತಗುಲಿ ಅವನ ಎಡ ತೋರುಬೆರಳಿನ ನರ ಕಡಿದಿತ್ತು. ಕೊಳವೆ ಹಾಕಿಸಿ ಎರಡು ವರ್ಷ ದಾಟಿತ್ತು.

"ಬರ್ರಿ, ಕುಂತ್ಕಳ್ರಿ" ಎಂದು ಕಂಬಳಿ ಹಾಸಿದ. ರೇಣುಕಾ ಕೇಳುವ ಮೊದಲೇ ಕೈ ಚಾಚಿದ. ಅವಳು ಗಾಯದ ಗೆರೆಯನ್ನು ಸವರಿದಳು. ಒಳಗೆ ಏನೂ ಗಟ್ಟಿಯಾಗಿ ತಾಗಲಿಲ್ಲ.

"ಈಗ ಹೆಂಗೈತೆ ನಿಂಗಪ್ಪಣ್ಣ?"

"ಮೊದ್ಲಿನಂಗೆ ಅಂದ್ರೆ ಸುಳ್ಳಾಗ್ತೈತವ್ವ. ಚಳಿಗಾಲ್ದಾಗೆ ಚುಳುಕ್ ಅಂತೈತೆ. ಆದ್ರೆ ಕುರಿ ಮೈಯಾಗೆ ಉಣ್ಣಿ ಇದ್ರೆ ಗೊತ್ತಾಗ್ತೈತೆ. ಮೊದ್ಲು ಒಂದು ವರ್ಸ ಅದೂ ಗೊತ್ತಾಗ್ತಿರಲಿಲ್ಲ."

ರೇಣುಕಾ ಅವನಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ ಸಾಸಿವೆ, ನೂಲು, ಗೋಣಿಯ ತುಂಡು ಒಂದೊಂದಾಗಿ ಬೆರಳಿಗೆ ಕೊಟ್ಟಳು. ಎಲ್ಲವನ್ನೂ ಸರಿಯಾಗಿ ಹೇಳಿದ. ಕೊನೆಗೆ ಒಂದು ಬ್ರೈಲ್ ಚೀಟಿ ಕೊಟ್ಟು, ಅದರ ಮೇಲಿದ್ದ ಮೂರು ಚುಕ್ಕಿಗಳ ಮೇಲೆ ಅವನ ಬೆರಳಿಟ್ಟಳು.

"ಏನೋ ಗೆರೆ ಎಳದಂಗೈತೆ" ಎಂದ.

"ಬಲಗೈ ಬೆರಳಿಡಿ."

"ಇದ್ರಾಗೆ ಬಿಡಿಬಿಡಿಯಾಗೈತೆ. ಮೂರು ಅವೆ."

ರೇಣುಕಾಳ ಮುಖ ಬಾಡಿತು. ಆದರೆ ನಿಂಗಪ್ಪನಿಗೂ ಕುತೂಹಲ ಹತ್ತಿತ್ತು. ಗಾಯವಾದ ಬೆರಳನ್ನು ಮತ್ತೆ ಚೀಟಿಯ ಮೇಲಿಟ್ಟು, ಈ ಸಲ ಉಣ್ಣಿ ಹುಡುಕುವವನಂತೆ ಮೆಲ್ಲಗೆ ಆಚೀಚೆ ಎಳೆದ.

"ತಡೀರವ್ವ. ಇಟ್ಟು ಸುಮ್ಕಿದ್ರೆ ಗೆರೆ. ಎಳದಾಡಿದ್ರೆ ಇದೂ ಬಿಡಿ ಆಗ್ತೈತೆ."

ರೇಣುಕಾ ಅವನಿಂದ ಅದನ್ನು ಮತ್ತೆ ಮತ್ತೆ ಮಾಡಿಸಿದಳು. ಚೀಟಿ ತಿರುಗಿಸಿ ಇಟ್ಟಳು, ಬೇರೆ ಚೀಟಿ ಕೊಟ್ಟಳು. ಕೆಲವು ಸಲ ತಪ್ಪಿದ, ಹೆಚ್ಚು ಸಲ ಸರಿ ಹೇಳಿದ. ಬ್ರೈಲ್ ಓದುವವರ ಬೆರಳು ಎಂದೂ ನಿಂತಿರುವುದಿಲ್ಲ, ಹರಿಯುತ್ತಲೇ ಇರುತ್ತದೆ. ಹಾಗಾದರೆ ಡಾಕ್ಟರರ ಆ ನಿಂತ ಮೊನೆಗಳು ಹೇಳುವುದು ಒಂದು ವಿಷಯ, ಹರಿಯುವ ಬೆರಳು ಹೇಳುವುದು ಇನ್ನೊಂದು ಎಂದು ಅವಳಿಗೆ ಅನ್ನಿಸಿತು.

ಭರಮಸಾಗರದಲ್ಲಿ ಗಿರೀಶ್ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಅವನಿಗೆ ಪೆಟ್ಟಾಗಿದ್ದದ್ದು ಮಣಿಕಟ್ಟಿನಲ್ಲಿ. ಅಲ್ಲಿಯ ದಪ್ಪ ನರ ಕಡಿದು ಅಂತರ ದೊಡ್ಡದಾಗಿತ್ತು. ಕೊಳವೆ ಹಾಕಿಸಿದ ಮೇಲೂ ಕಿರುಬೆರಳು, ಉಂಗುರದ ಬೆರಳು ಹಾಗೇ ಜಡವಾಗಿ ಉಳಿದವು. ಬೆಸುಗೆ ಹಾಕುವಾಗ ಕಿರುಬೆರಳು ಸುಟ್ಟಿದ್ದು ಅವನಿಗೆ ವಾಸನೆಯಿಂದ ಗೊತ್ತಾಗಿತ್ತು. ರೇಣುಕಾ ಆ ಬೆರಳನ್ನು ಮುಟ್ಟಿದಾಗ ತುದಿಯಲ್ಲಿ ಒರಟು ಕಲೆ ಸಿಕ್ಕಿತು.

"ಡಾಕ್ಟ್ರು ಕಸಿನೇ ಒಳ್ಳೇದು ಅಂದಿದ್ರು ಮೇಡಂ. ಕಾಲು ಕೊಯ್ಸಾಕೆ ನಾನೇ ಒಪ್ಪಲಿಲ್ಲ. ಆಮೇಲೆ ಕಸಿನೂ ಮಾಡ್ಸಿದೆ, ಅಷ್ಟೊತ್ತಿಗೆ ತಡ ಆಗಿತ್ತು."

"ನನ್ನ ಜಾಗದಲ್ಲಿ ನೀವಿದ್ರೆ ಏನ್ ಮಾಡ್ತಿದ್ರಿ?"

ಗಿರೀಶ್ ಅವಳ ಬೆರಳಿನ ಗಾಯದ ಗುರುತು ನೋಡಿದ. "ಬೆರಳಾದ್ರೆ ಹಾಕಿಸ್ಕಂತಿದ್ದೆ. ಆದ್ರೆ ಎಷ್ಟು ದೂರ ಕಡಿದೈತೆ ಅಂತ ತೆಗೆದು ನೋಡಿದ್ಮೇಲೆ ತಾನೆ ಗೊತ್ತಾಗಾದು? ಜಾಸ್ತಿ ಇದ್ರೆ ಕಸಿ ಮಾಡ್ರಿ ಅಂತ ಮೊದ್ಲೇ ಹೇಳಿ ಮಲಗಿಕಳ್ರಿ."

ಊರಿಗೆ ಮರಳುವಾಗ ಕಲ್ಲೇಶ್, "ಅಕ್ಕ, ಆ ಕೊಳವೆ ದನದ್ದಂತೆ" ಎಂದ.

"ಗೊತ್ತು. ದನದ ಸ್ನಾಯುವಿನ ಹುರಿಯಿಂದ ತೆಗೀತಾರೆ ಅಂತ ಮೇಡಂ ಹೇಳಿದ್ರು."

"ಅವ್ವಂಗೆ ಏನ್ ಹೇಳ್ತೀಯ?"

ಅವರದು ತಲೆತಲಾಂತರದಿಂದ ಮಾಂಸ ಮುಟ್ಟದ ಮನೆ. ರೇಣುಕಾಳೂ ಪ್ರತಿ ಬೆಳಿಗ್ಗೆ ಎಡ ಅಂಗೈ ಮೇಲೆ ಲಿಂಗವಿಟ್ಟು ಪೂಜೆ ಮಾಡುವವಳು. ಅದೇ ಕೈಯೊಳಗೆ ದನದ ಕೊಳವೆ ಕೂರಬೇಕಾಗಿತ್ತು. ಅವಳು ಆ ಯೋಚನೆಯನ್ನು ಹಲವು ಬೆಳಗು ಹೊತ್ತುಕೊಂಡು ಕೂತಿದ್ದಳು. ಇನ್ನೊಂದು ಕಡೆ, ಕಸಿ ಮಾಡಿಸಿದರೆ ಜೋಮು ಹಿಡಿಯುವ ಪಾದದ ಅಂಚಿತ್ತು. ರಸ್ತೆ ಎಲ್ಲಿ ಮುಗಿಯಿತು, ಚರಂಡಿ ಎಲ್ಲಿ ಶುರುವಾಯಿತು ಎಂದು ಅವಳಿಗೆ ಮೊದಲು ಹೇಳುತ್ತಿದ್ದದ್ದು ಆ ಅಂಚೇ. ಲಿಂಗದ ಮುಂದೆ ಕೂತಾಗ ಪೂರ್ತಿ ಸಮಾಧಾನದ ಉತ್ತರ ಸಿಗಲಿಲ್ಲ. ಸಿಗದೆಯೇ ಕೊಳವೆ ಹಾಕಿಸಿಕೊಳ್ಳುವ ತೀರ್ಮಾನ ಮಾಡಿದ್ದಳು.

"ಅವ್ವಂಗೆ ಹೇಳ್ತೀನಿ. ಒಪ್ಪಿಗೆ ಕೇಳಲ್ಲ" ಎಂದಳು.

ಆಪರೇಷನ್ ದಿನ ತೋಳಿಗೆ ಮಾತ್ರ ಮರಗಟ್ಟಿಸುವ ಔಷಧಿ ಕೊಟ್ಟರು. ರೇಣುಕಾ ಎಚ್ಚರವಾಗಿದ್ದು, ನಡೆಯುವುದನ್ನೆಲ್ಲ ಕೇಳಿ ಕೇಳಿ ತಿಳಿದುಕೊಂಡಳು. ಕಿರುಬೆರಳ ಕಡೆಯ ನರದಲ್ಲಿ ಗಂಟು ಸಣ್ಣದಾಗಿತ್ತು. ಅದನ್ನು ತೆಗೆದ ಮೇಲೂ ತುದಿಗಳು ಒಂದಕ್ಕೊಂದು ಎಟುಕಿದವು, ನೇರವಾಗಿ ಹೊಲಿದರು. ಹೆಬ್ಬೆರಳ ಕಡೆಯದರಲ್ಲಿ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಅಂತರ ಉಳಿಯಿತು.

"ಕೊಳವೆಗೆ ಸರಿಯಾದ ಅಂತರ. ಹಾಕಲಾ?" ಎಂದು ಶಾಲಿನಿ ಕೇಳಿದರು.

"ಹಾಕಿ ಮೇಡಂ. ಒಂದು ಬದಿ ಹೊಲಿಗೆ, ಒಂದು ಬದಿ ಕೊಳವೆ. ಯಾವುದು ಮೇಲು ಅಂತ ನಾನೇ ಹೇಳಬಹುದು."

"ನಿಮ್ಮ ಬೆರಳಿನ ಮಟ್ಟಿಗೆ ಹೇಳಬಹುದು" ಎಂದರು ಶಾಲಿನಿ, ನಗುತ್ತಾ.

ಎಲ್ಲ ಮುಗಿದ ಮೇಲೆ, ಅಳತೆಗೆ ಕತ್ತರಿಸಿ ಉಳಿದಿದ್ದ ಕೊಳವೆಯ ಚೂರನ್ನು ಅವಳ ಬಲಗೈಗೆ ಕೊಟ್ಟರು. ಅದು ನೆನೆಸಿದ ಶಾವಿಗೆಯಂತೆ ಮೆತ್ತಗಿತ್ತು, ಒಳಗೆ ಟೊಳ್ಳು. ಅವಳು ಅದನ್ನು ಬೆರಳುಗಳ ನಡುವೆ ಉರುಳಿಸುತ್ತಾ ಇಷ್ಟು ಸಣ್ಣದೇ ಎಂದುಕೊಂಡಳು.

ಆಮೇಲಿನ ತಿಂಗಳುಗಳಲ್ಲಿ ರೇಣುಕಾ ಒಂದನೇ ತರಗತಿಯ ಮಕ್ಕಳ ಜೊತೆ ಕೂತು ಬಲಬೆರಳಿಗೆ ಅಕ್ಷರ ಕಲಿಸಿದಳು. ಮೂವತ್ತೆಂಟರ ವಯಸ್ಸಿನಲ್ಲಿ ಅದು ಸುಲಭವಾಗಿರಲಿಲ್ಲ. ಮನಸ್ಸಿಗೆ ಗೊತ್ತಿರುವ ಅಕ್ಷರ ಬೆರಳಿಗೆ ಗೊತ್ತಿಲ್ಲದಿರುವುದು ಅವಳಿಗೆ ದಿನವೂ ಸೋಜಿಗ. ಮಕ್ಕಳು ಅವಳಿಗಿಂತ ಬೇಗ ಓದಿ ಮುಗಿಸಿ, "ಟೀಚರ್, ನಿಮ್ದು ಇನ್ನೂ ಆಗಿಲ್ವಾ?" ಎನ್ನುತ್ತಿದ್ದರು.

ಬೆಳಿಗ್ಗೆ ಎದ್ದಾಗ ಎಡಬೆರಳನ್ನು ಬುಡದಿಂದ ತುದಿಯವರೆಗೆ ಮೆಲ್ಲಗೆ ಬಡಿದು ನೋಡುವುದು ಅಭ್ಯಾಸವಾಯಿತು. ಮೊದಮೊದಲು ಗಾಯದ ಹತ್ತಿರ ಬಡಿದಾಗ ಕರೆಂಟ್ ಹೊಡೆದಂತಾಗುತ್ತಿತ್ತು. ಬರಬರುತ್ತಾ ಆ ಜಾಗ ಮುಂದೆ ಸರಿಯಿತು, ನಡುಗೆಣ್ಣು ದಾಟಿತು. ನರ ಬೆಳೆಯುತ್ತಾ ಎಲ್ಲಿಗೆ ಬಂದು ಮುಟ್ಟಿದೆಯೋ ಅಲ್ಲಿ ಜುಮ್ಮೆನ್ನುತ್ತದೆ ಎಂದು ಶಾಲಿನಿ ಹೇಳಿದ್ದರು. ಕಿರುಬೆರಳ ಬದಿ ಮುಂದಿತ್ತು. ಕೊಳವೆಯ ಬದಿ ಹಿಂದೆ ಉಳಿದಿತ್ತು, ಆದರೆ ನಿಂತಿರಲಿಲ್ಲ.

ಒಂದು ದಿನ ಟೀ ಲೋಟ ಹಿಡಿದಾಗ ಬೆರಳತುದಿಗೆ ಬಿಸಿ ತಾಗಿತು. ಅವಳು ಲೋಟ ಕೆಳಗಿಡದೆ ಹಾಗೇ ಹಿಡಿದು ಕೂತಳು. ಆಮೇಲೆ ಸ್ಪರ್ಶ ಬಂತು, ಅದೂ ಅಡ್ಡಾದಿಡ್ಡಿಯಾಗಿ. ತುದಿ ಮುಟ್ಟಿದರೆ ಪಕ್ಕದಲ್ಲಿ ಮುಟ್ಟಿದಂತೆ ಅನ್ನಿಸುತ್ತಿತ್ತು. ಚುಕ್ಕಿಗಳ ಮೇಲೆ ಬೆರಳಿಟ್ಟರೆ ನಿಂಗಪ್ಪ ಹೇಳಿದ ಹಾಗೆ ಬರೀ ಗೆರೆ. ಅವಳು ದಿನವೂ ಎಳೆದಾಡಿದಳು. ಗೆರೆ ಮೊದಲು ಉಬ್ಬುತಗ್ಗಾಯಿತು. ಹಲವು ವಾರಗಳ ಮೇಲೆ ಬೆರಳನ್ನು ಕಿರುಬೆರಳ ಕಡೆಗೆ ಕೊಂಚ ವಾಲಿಸಿದಾಗ ಒಂದು ಅಕ್ಷರ ಸ್ಪಷ್ಟವಾಗಿ ಸಿಕ್ಕಿತು. ಅದರ ಮುಂದಿನದು ಸಿಗಲಿಲ್ಲ. ಅದರ ಮುಂದಿನದು ಮತ್ತೆ ಸಿಕ್ಕಿತು.

ಆಪರೇಷನ್ ಆಗಿ ಒಂದೂವರೆ ವರ್ಷದ ಮೇಲೆ ಶಾಲಿನಿ ಎರಡು ಮೊನೆಯ ಸಲಕರಣೆ ಹಿಡಿದು ಅಳೆದರು. ಹೊಲಿದ ಬದಿಯಲ್ಲಿ ಐದು ಮಿಲಿಮೀಟರ್, ಕೊಳವೆಯ ಬದಿಯಲ್ಲಿ ಏಳು. ಮೊನೆಗಳನ್ನು ಎಳೆಯುತ್ತಾ ನೋಡಿದಾಗ ಎರಡೂ ಬದಿ ಅದಕ್ಕಿಂತ ಚೆನ್ನಾಗಿದ್ದವು. ರೇಣುಕಾ ಅವರ ಮುಂದೆ ಒಂದು ಪುಟ ಓದಿದಳು. ಮೊದಲಿನ ವೇಗದ ಅರ್ಧವೂ ಇರಲಿಲ್ಲ, ಕೆಲವು ಅಕ್ಷರಗಳಿಗೆ ಹಿಂದೆ ಹೋಗಬೇಕಾಯಿತು. ಆದರೆ ಪುಟ ಮುಗಿಯಿತು.

"ಐದು ಮಿಲಿಮೀಟರಿನ ಬೆರಳು ಎರಡೂವರೆ ಮಿಲಿಮೀಟರಿನ ಅಕ್ಷರ ಓದ್ತಾ ಇದೆ" ಎಂದರು ಶಾಲಿನಿ. "ಬೆರಳು ಸುಧಾರಿಸಿದ್ದೋ, ಬೆರಳು ಕಳಿಸೋ ಅರೆಬರೆ ಸುದ್ದಿಯನ್ನ ಮಿದುಳು ಅರ್ಥ ಮಾಡ್ಕೊಳ್ಳೋಕೆ ಕಲಿತದ್ದೋ, ನನಗೆ ಗೊತ್ತಾಗ್ತಿಲ್ಲ."

"ಅದನ್ನ ಬೇರೆ ಬೇರೆ ಮಾಡಿ ನೋಡೋದು ಹೇಗೆ ಮೇಡಂ?"

"ಕೊಳವೆ ಹಾಕಿಸಿಕೊಂಡಿದ್ದು ಬ್ರೈಲ್ ಬಾರದವರ ಬೆರಳನ್ನೂ ನಿಮ್ಮ ಬೆರಳನ್ನೂ ಹೋಲಿಸಬೇಕು."

"ನಿಂಗಪ್ಪಣ್ಣಂಗೆ ಅಕ್ಷರ ಕಲಿಸಿದ್ರೆ? ಅವರ ನರ ಬೆಳೆದು ಮುಗಿದಿರಬೇಕು. ಈಗ ಬೆರಳು ಚುರುಕಾದ್ರೆ ಅದು ಮಿದುಳು ಕಲಿತದ್ದೇ ಅಲ್ವಾ?"

ಶಾಲಿನಿ ಪೆನ್ನು ಕೆಳಗಿಟ್ಟರು. ಕುರಿ ಕಾಯುವವನು ಅದಕ್ಕೆ ಒಪ್ಪುತ್ತಾನಾ, ಒಪ್ಪಿದರೆ ಎಷ್ಟು ದಿನ ಕಲಿಸಬೇಕು, ಮೊದಲು ಯಾವ ಬೆರಳಿಗೆ ಕಲಿಸಬೇಕು ಎಂದು ಇಬ್ಬರೂ ಮಾತಿಗೆ ಕೂತರು. ಹೊರಗೆ ಸರದಿಯಲ್ಲಿದ್ದವರು ಬಾಗಿಲು ತಟ್ಟುವವರೆಗೂ ಆ ಮಾತು ಮುಗಿಯಲಿಲ್ಲ.